ಸ್ಪರ್ಧೆಗಾಗಿ ಕೈತೋಟದಲ್ಲಿ ದೊಡ್ಡ ಗಾತ್ರದ ಟೊಮ್ಯಾಟೊ ಬೆಳೆಯುವ ವಿಧಾನ

ಹಾಸನ ತಾಲ್ಲೂಕಿನ ಬೂವನಹಳ್ಳಿ ಮತ್ತು ನೆರೆಯ ಗ್ರಾಮಗಳ ಕೈತೋಟಗಾರರು ಫಲಪುಷ್ಪ ಪ್ರದರ್ಶನಗಳಲ್ಲಿ ಸ್ಪರ್ಧಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ. ಹಾಸನವು ಆಲೂಗೆಡ್ಡೆ ಬೆಳೆಯುವ ಜಿಲ್ಲೆಯಾಗಿದ್ದು, ಟೊಮ್ಯಾಟೊ ಸಹ ಅದೇ ಕುಟುಂಬಕ್ಕೆ ಸೇರಿರುವುದರಿಂದ ರೋಗದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

ಗಾತ್ರಕ್ಕೆ ಕಾರಣ: ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಯ ಹಣ್ಣು ಸುಮಾರು 90 ರಿಂದ 100 ಗ್ರಾಂ ತೂಗುತ್ತದೆ. ಇದು ಮಾರುಕಟ್ಟೆಗೆ ಯೋಗ್ಯವಾದ ತಳಿ. ತೂಕದ ಸ್ಪರ್ಧೆಗೆ ಹಣ್ಣಿನೊಳಗೆ ಹೆಚ್ಚು ಕೋಣೆಗಳಿರುವ ಬೀಫ್‌ಸ್ಟೇಕ್ ಗುಂಪಿನ ತಳಿಗಳು ಸೂಕ್ತ. ಇವುಗಳಲ್ಲಿ ಕೆಲವೊಮ್ಮೆ ಎರಡು ಮೂರು ಹೂಗಳು ಕೂಡಿಕೊಂಡು ಒಂದೇ ಅಗಲವಾದ ಹೂವಾಗುತ್ತದೆ. ಅತಿ ದೊಡ್ಡ ಹಣ್ಣು ಇಂತಹ ಹೂವಿನಿಂದಲೇ ದೊರೆಯುತ್ತದೆ. ಅಮೆರಿಕದ ಒಕ್ಲಹೋಮದಲ್ಲಿ 1986ರಲ್ಲಿ ಬೆಳೆದ 3.51 ಕಿ.ಗ್ರಾಂ ತೂಕದ ಹಣ್ಣಿನ ದಾಖಲೆಯು 2014ರವರೆಗೆ ಉಳಿದಿತ್ತು.

ಬೇಸಾಯ ಕ್ರಮ:
1. ಜನವರಿಯ ಪ್ರದರ್ಶನಕ್ಕಾಗಿ ಸೆಪ್ಟೆಂಬರ್ ಮಧ್ಯದಲ್ಲಿ ಸಸಿಮಡಿ ಮಾಡಿ, 25 ರಿಂದ 30 ದಿನಗಳ ಸಸಿಗಳನ್ನು 3 ಅಡಿ ಅಂತರದಲ್ಲಿ ನಾಟಿ ಮಾಡಬೇಕು.
2. ಪ್ರತಿ ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿ ಹಾಕಬೇಕು. ಸಾರಜನಕ ಹೆಚ್ಚಾದರೆ ಎಲೆಗಳು ಹುಲುಸಾಗಿ ಬೆಳೆದು ಕಾಯಿ ಕಡಿಮೆಯಾಗುತ್ತದೆ.
3. ಗಟ್ಟಿಯಾದ ಆಸರೆ ಕೋಲು ಕಟ್ಟಿ, ಪಕ್ಕದ ಚಿಗುರುಗಳನ್ನು ಚಿವುಟಬೇಕು. ಕೂಡು ಹೂವಿನ ಕಾಯಿಯೊಂದನ್ನು ಉಳಿಸಿ ಉಳಿದವುಗಳನ್ನು ತೆಗೆಯಬೇಕು. ಭಾರಕ್ಕೆ ತೊಟ್ಟು ಮುರಿಯದಂತೆ ಕಾಯಿಯನ್ನು ಬಟ್ಟೆಯ ಜೋಲಿಯಲ್ಲಿ ಇರಿಸಬೇಕು.
4. ನೀರನ್ನು ಬುಡಕ್ಕೆ, ಒಂದೇ ಪ್ರಮಾಣದಲ್ಲಿ ಕೊಡಬೇಕು. ಒಣಗಿಸಿ ಒಮ್ಮೆಲೇ ನೀರುಣಿಸಿದರೆ ಹಣ್ಣು ಸೀಳುತ್ತದೆ. ತುದಿ ಕೊಳೆಯುವುದೂ ಉಂಟು.

ರೋಗದ ಎಚ್ಚರಿಕೆ: ಕೊನೆ ಅಂಗಮಾರಿ ರೋಗವು ಆಲೂಗೆಡ್ಡೆ ಹಾಗೂ ಟೊಮ್ಯಾಟೊ ಎರಡಕ್ಕೂ ತಗಲುತ್ತದೆ. ತಂಪಾದ, ತೇವಭರಿತ ಹವೆಯಲ್ಲಿ ಇದರ ಬೀಜಕಣಗಳು ಗಾಳಿಯ ಮೂಲಕ ಹರಡುತ್ತವೆ. ಹಿತ್ತಲಿನ ಒಂದು ರೋಗಪೀಡಿತ ಗಿಡವು ನೆರೆಯ ರೈತರ ಇಡೀ ಬೆಳೆಗೆ ಅಪಾಯ ತರಬಹುದು. ಆದ್ದರಿಂದ ಮುಂಗಾರಿನಲ್ಲಿ ಆಲೂಗೆಡ್ಡೆ ಹೊಲದ ಬಳಿ ಟೊಮ್ಯಾಟೊ ನಾಟಿ ಮಾಡದಿರುವುದು ಒಳಿತು. ಹಿಂಗಾರು ಮಳೆಯ ದಿನಗಳಲ್ಲಿ ಎಲೆಗಳನ್ನು ಪ್ರತಿದಿನ ಪರಿಶೀಲಿಸಬೇಕು. ನೀರು ತೋಯ್ದಂತಹ ಕಪ್ಪು ಮಚ್ಚೆ ಮತ್ತು ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಂಡುಬಂದಲ್ಲಿ, ಬಹುಮಾನದ ಕಾಯಿ ಇದ್ದರೂ ಸಹ ಗಿಡವನ್ನು ಕೂಡಲೇ ಕಿತ್ತು ಆಳವಾಗಿ ಹೂಳತಕ್ಕದ್ದು.

ಸ್ಪರ್ಧೆಯಲ್ಲಿ ತೂಕವನ್ನು ಪರಿಗಣಿಸುವರೋ ಅಥವಾ ಹಣ್ಣುಗಳ ಏಕರೂಪತೆಯನ್ನೋ ಎಂಬುದನ್ನು ಬಿತ್ತನೆಗೆ ಮೊದಲೇ ತಿಳಿದುಕೊಳ್ಳುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.