ಕೊರಿಯಾ ಚಲನಚಿತ್ರಗಳ ಗೃಹಸಂಗ್ರಹ ಮತ್ತು ಪಾಠನಿರ್ಣಯದ ಪ್ರಶ್ನೆ

ಚಲನಚಿತ್ರಗಳನ್ನು ಮನೆಯಲ್ಲಿ ಸಂಗ್ರಹಿಸಿಡುವವರನ್ನು ಕುರಿತು ಬಾರ್ಬರಾ ಕ್ಲಿಂಗರ್ ಅವರು 2006ರಲ್ಲಿ ಪ್ರಕಟವಾದ ‘ಬಿಯಾಂಡ್ ದ ಮಲ್ಟಿಪ್ಲೆಕ್ಸ್’ ಎಂಬ ಗ್ರಂಥದಲ್ಲಿ ಮಂಡಿಸಿದ ವಿಚಾರವನ್ನು ಈ ವಿಷಯವಾಗಿ ಬರೆಯುವವರಾರೂ ಕಡೆಗಣಿಸುವಂತಿಲ್ಲ. ಸಂಗ್ರಾಹಕನ ಅಭಿರುಚಿಯನ್ನು ಉದ್ಯಮವೇ ತನ್ನ ವಿಶೇಷಾವೃತ್ತಿಗಳ ಮೂಲಕ ರೂಪಿಸುತ್ತದೆ, ಅವನ ಕಪಾಟು ಅವನನ್ನು ಒಂದು ಖಾಸಗಿ ಆವರಣದೊಳಕ್ಕೆ ಸೆಳೆದುಕೊಳ್ಳುತ್ತದೆ ಎಂಬುದು ಆ ವಾದದ ತಿರುಳು. ಅಮೆರಿಕದ ಮಾರುಕಟ್ಟೆಯ ಮಟ್ಟಿಗೆ ಇದನ್ನು ನಿರಾಕರಿಸಲು ಕಾರಣಗಳಿಲ್ಲ. ಆದರೆ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ ಕುಳಿತು ಕೊರಿಯಾದ ಚಿತ್ರಗಳನ್ನು ಅಭ್ಯಾಸಮಾಡುವವನಿಗೆ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೇ ದೂರವಾಗಿ, ಸಿಯೋಲಿನ ಸಂಗ್ರಹಾಲಯವು ಹೆಸರಿಗಷ್ಟೇ ಪರಿಚಿತವಾಗಿರುವಾಗ, ಡಿಸ್ಕು ಭೋಗವಸ್ತುವಾಗಿ ಉಳಿಯದೆ ಸಾಕ್ಷ್ಯವಾಗಿ ಪರಿಣಮಿಸುತ್ತದೆಂಬುದನ್ನು ಆ ವಾದವು ಗಣನೆಗೆ ತಂದುಕೊಂಡಿಲ್ಲ.

ಕೊರಿಯಾ ಚಿತ್ರರಂಗದ ಈಚಿನ ಏಳ್ಗೆಯ ವೃತ್ತಾಂತವು ಸರ್ವವಿದಿತ. 1999ರ ‘ಶಿರಿ’, 2004ರಲ್ಲಿ ಕಾನ್ ಉತ್ಸವದ ಗ್ರಾಂ ಪ್ರೀ ಪಡೆದ ‘ಓಲ್ಡ್‌ಬಾಯ್’, 2020ರಲ್ಲಿ ನಾಲ್ಕು ಆಸ್ಕರ್‌ಗಳನ್ನು ಗೆದ್ದ ‘ಪ್ಯಾರಸೈಟ್’ ಇವು ಅದರ ಮೈಲಿಗಲ್ಲುಗಳು. ಇವುಗಳ ನಡುವಣ ವರ್ಷಗಳಲ್ಲಿ ಆ ಚಿತ್ರಗಳನ್ನು ದೇಶಾಂತರಗಳಿಗೆ ಕೊಂಡೊಯ್ದುದರಲ್ಲಿ ವಿಸಿಡಿ, ಡಿವಿಡಿಗಳ ಪಾಲು ದೊಡ್ಡದೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಆ ಡಿಸ್ಕುಗಳ ಪ್ರಾಮಾಣ್ಯದ ವಿಷಯದಲ್ಲಿ.

‘ವಡ್ಡಾರಾಧನೆ’ಯನ್ನು ಸಂಪಾದಿಸಿದ ಡಿ. ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರಿಂದ ಗ್ರಂಥಸಂಪಾದನೆಯ ಶಿಸ್ತನ್ನು ಕಲಿತ ನಮಗೆ, ಕವಿಯ ಸ್ವಹಸ್ತದ ಪ್ರತಿ ದೊರೆಯದೆಂಬ ಕಾರಣದಿಂದ ಓಲೆಪ್ರತಿಗಳನ್ನು ತಿರಸ್ಕರಿಸುವುದು ಎಂದೂ ಯುಕ್ತವೆನಿಸಿಲ್ಲ. ಪ್ರತಿಯೊಂದು ಪ್ರತಿಯೂ ತನ್ನ ಲೋಪಗಳಿಂದಲೇ ತನ್ನ ವಂಶವನ್ನು ಹೇಳಿಕೊಳ್ಳುತ್ತದೆ. ಇದೇ ನ್ಯಾಯವು ಡಿಸ್ಕುಗಳಿಗೂ ಸಲ್ಲುತ್ತದೆಂಬುದು ಈ ಲೇಖನದ ಪ್ರತಿಜ್ಞೆ.

ಕಿಮ್ ಕಿ-ಯಂಗ್ ಅವರ ‘ಹನ್ಯೊ’ (1960) ಇದಕ್ಕೆ ಒಳ್ಳೆಯ ನಿದರ್ಶನ. 1982ರಲ್ಲಿ ದೊರೆತ ಅದರ ಮೂಲ ನೆಗೆಟಿವ್‌ನಲ್ಲಿ ಎರಡು ರೀಲುಗಳು ಇರಲಿಲ್ಲ. 1990ರಲ್ಲಿ ದೊರೆತ ಒಂದು ಪ್ರದರ್ಶನ ಪ್ರತಿಯಿಂದ ಆ ಕೊರತೆಯನ್ನು ತುಂಬಿದರು. ಆ ಪ್ರತಿಯ ಮೇಲಾದರೋ ಕೈಯಿಂದ ಬರೆದ ಇಂಗ್ಲಿಷ್ ಸಬ್‌ಟೈಟಲುಗಳು ಚಿತ್ರದ ಚೌಕಟ್ಟಿನ ಹೆಚ್ಚುಕಡಿಮೆ ಅರ್ಧವನ್ನು ಆಕ್ರಮಿಸಿದ್ದುವು. ಕೊರಿಯಾದ ಚಲನಚಿತ್ರ ಸಂಗ್ರಹಾಲಯವು 2008ರ ಪುನರುದ್ಧಾರದಲ್ಲಿ ಆ ಬರಹವನ್ನು ಗಣಕಯಂತ್ರದಿಂದ ಅಳಿಸಿತು. ಇಂದು ಡಿಸ್ಕಿನಲ್ಲಿ ಚಿತ್ರವನ್ನು ನೋಡುವಾತನು ಬೇಕೆಂದಲ್ಲಿ ನಿಲ್ಲಿಸಿ ಹಿಂದಕ್ಕೂ ಮುಂದಕ್ಕೂ ಚಲಿಸಿದರೆ, ಬಿಂಬವು ಥಟ್ಟನೆ ಮಸುಕಾಗಿ, ಗೀರುಗಳು ಹೆಚ್ಚಿ, ಮತ್ತೊಂದು ಪ್ರತಿ ಪ್ರವೇಶಿಸಿದ ಸ್ಥಳವು ಕಣ್ಣಿಗೆ ಬೀಳುತ್ತದೆ. ಚಿತ್ರಮಂದಿರದಲ್ಲಿ ಈ ಸಂಧಿಸ್ಥಾನವು ಅರೆಕ್ಷಣದಲ್ಲಿ ದಾಟಿಹೋಗುತ್ತದೆ. ಆ ಬರಹವನ್ನು ಅಳಿಸಿದ್ದು ನೋಡುಗರಿಗೆ ಉಪಕಾರವಾಯಿತು; ಸಂಪಾದನೆಯ ದೃಷ್ಟಿಯಿಂದ ಮಾತ್ರ, ಪರಭಾಷೆಯ ಪ್ರೇಕ್ಷಕರಿಗಾಗಿ ಆ ಪ್ರತಿಯನ್ನು ಸಿದ್ಧಪಡಿಸಿದ ಕೈಯ ಗುರುತೂ ಅದರೊಂದಿಗೆ ಹೋಯಿತೆಂದು ನಾನು ವ್ಯಥೆಪಡುತ್ತೇನೆ.

ಇದಕ್ಕಿಂತ ಜಟಿಲವಾದುದು ಇಮ್ ಕ್ವೊನ್-ತೇಕ್ ಅವರ ‘ಸೊಪ್ಯೊಂಜೆ’ (1993) ಒಡ್ಡುವ ಸಮಸ್ಯೆ. ಸಿಯೋಲ್ ನಗರವೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿದ ಪ್ರೇಕ್ಷಕರನ್ನು ಕಂಡ ಈ ಚಿತ್ರವು ಪಾನ್ಸೊರಿ ಎಂಬ ಗಾನಕಥನದ ಪರಂಪರೆಯನ್ನು ಕುರಿತದ್ದು; ಮಗಳ ಕಂಠದಲ್ಲಿ ದುಃಖದ ಆಳ ನೆಲೆಸಲೆಂದು ತಂದೆಯೇ ಅವಳ ಕಣ್ಣುಗಳನ್ನು ಕಳೆಯುವ ಕಥೆ. ಅದರ ಅವಧಿ 112 ನಿಮಿಷ. ಸೆಕೆಂಡಿಗೆ 24 ಚಿತ್ರಗಳಂತೆ ಓಡುವ ಫಿಲ್ಮನ್ನು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯ ಡಿಸ್ಕಿಗೆ ಇಳಿಸುವಾಗ ಸಾಮಾನ್ಯವಾಗಿ 25ರ ವೇಗದಲ್ಲಿ ಓಡಿಸುತ್ತಾರೆ. ಕೊರಿಯಾದ ಎನ್‌ಟಿಎಸ್‌ಸಿ ಡಿಸ್ಕುಗಳಲ್ಲಿ ವೇಗವು ಬಹುಮಟ್ಟಿಗೆ ಮೂಲದಂತೆಯೇ ಉಳಿಯುತ್ತದೆ. ಹೀಗಾಗಿ ಪಾಲ್ ಡಿಸ್ಕಿನಲ್ಲಿ ಚಿತ್ರವು 107 ನಿಮಿಷ 31 ಸೆಕೆಂಡಿಗೆ ಮುಗಿಯಬೇಕು. ಲೋಪವಾದ ಸುಮಾರು ನಾಲ್ಕೂವರೆ ನಿಮಿಷವು, ತಂದೆ ಮಕ್ಕಳು ಹಾದಿಯುದ್ದಕ್ಕೂ ‘ಜಿಂದೊ ಅರಿರಾಂಗ್’ ಹಾಡುತ್ತ ಬರುವ, ಒಂದೇ ಓಟದಲ್ಲಿ ಚಿತ್ರಿತವಾದ ಆ ಪ್ರಖ್ಯಾತ ದೃಶ್ಯದ ಅವಧಿಗೆ ಹತ್ತಿರವಾಗಿರುವುದರಿಂದ, ಬರಿಯ ಗಡಿಯಾರವನ್ನು ನಂಬಿದವನು ಯಾವುದೋ ಒಂದು ದೃಶ್ಯಕ್ಕೆ ಕತ್ತರಿ ಬಿದ್ದಿದೆಯೆಂದು ಭ್ರಮಿಸುವುದು ಸಹಜ.

ಇಲ್ಲಿ ಕಿವಿಯ ಸಾಕ್ಷ್ಯ ಬೇಕಾಗುತ್ತದೆ. ವೇಗದೊಡನೆ ಧ್ವನಿಯೂ 25/24ರ ಪ್ರಮಾಣದಲ್ಲಿ ಏರುತ್ತದೆ. ಇಪ್ಪತ್ತೆರಡು ಶ್ರುತಿಗಳನ್ನು ಗಣಿತದಿಂದ ವಿವರಿಸುವ ಆಧುನಿಕರು ನ್ಯೂನಶ್ರುತಿಯೆಂದು ಹೇಳುವ ಅಂತರವೇ ಇದು. ಗಾಯಕ ಸವಾಯಿ ಗಂಧರ್ವರ ಕುಂದಗೋಳವೂ ಬಮ್ಮಿಗಟ್ಟಿಯೂ ಇರುವ ಈ ಜಿಲ್ಲೆಯಲ್ಲಿ ಅಷ್ಟು ಅಂತರವನ್ನು ಗುರುತಿಸಬಲ್ಲ ಕಿವಿಗಳು ದುರ್ಲಭವಲ್ಲ. ಎನ್‌ಟಿಎಸ್‌ಸಿ ಡಿಸ್ಕನ್ನು ಹಾಕಿ ಗಾಯಕಿಯ ಆಧಾರಸ್ವರಕ್ಕೆ ಶ್ರುತಿಪೆಟ್ಟಿಗೆಯನ್ನು ಹೊಂದಿಸಿ, ಬಳಿಕ ಪಾಲ್ ಡಿಸ್ಕಿನ ಅದೇ ಹಾಡನ್ನು ಆ ಶ್ರುತಿಯೊಡನೆ ಕೇಳಿದರೆ ಭೇದವು ಬೇರೆ ಯಂತ್ರದ ಸಹಾಯವಿಲ್ಲದೆ ಸ್ಪಷ್ಟವಾಗುವುದು.

ಈ ಪರೀಕ್ಷೆಗೆ ಮಿತಿಗಳುಂಟು, ಅವನ್ನು ಮರೆಮಾಚಲಾಗದು. ಕಂಠವೂ ಮದ್ದಳೆಯೂ ಒಟ್ಟಿಗೆ ಏರುವುದರಿಂದ ಒಂದೇ ಡಿಸ್ಕನ್ನು ಕೇಳಿದವನಿಗೆ ಅಪಶ್ರುತಿಯೇನೂ ತೋರದು. ಎರಡು ಪಾಠಗಳಾದರೂ ಕೈಯಲ್ಲಿರಬೇಕು. ಕೆಲವು ತಯಾರಕರು ವೇಗವನ್ನು ಹೆಚ್ಚಿಸಿಯೂ ಶ್ರುತಿಯನ್ನು ಯಂತ್ರದಿಂದ ಸರಿಪಡಿಸುತ್ತಾರಾದುದರಿಂದ, ಶ್ರುತಿ ಏರಿಲ್ಲವೆಂದ ಮಾತ್ರಕ್ಕೆ ಕತ್ತರಿ ಬಿದ್ದಿದೆಯೆನ್ನಲಾಗದು. ಆಗ ಆ ಅಖಂಡ ದೃಶ್ಯವನ್ನೇ ಅಳತೆಗೋಲಾಗಿ ಹಿಡಿಯಬಹುದೆಂದು ನನಗೆ ತೋರುತ್ತದೆ: ಅದರೊಳಗೆ ಕತ್ತರಿಸಿದರೆ ಜಿಗಿತ ಕಾಣಿಸದೆ ಇರದು, ಆದಕಾರಣ ಅದೊಂದರ ಅವಧಿಯೇ ಶೇಕಡಾ 4ರಷ್ಟು ಕುಗ್ಗಿದ್ದರೆ ವೇಗವೇ ಕಾರಣ, ಕುಗ್ಗದಿದ್ದರೆ ಲೋಪವನ್ನು ಬೇರೆಡೆ ಹುಡುಕತಕ್ಕದ್ದು. ಕ್ಲಿಂಗರ್ ಅವರ ಸಂಗ್ರಾಹಕನಿಗೆ ಒಂದೇ ಚಿತ್ರದ ಎರಡನೆಯ ಡಿಸ್ಕು ವ್ಯಾಪಾರದ ಪ್ರಲೋಭನೆಯಾಗಿರಬಹುದು. ಇಂಥ ಶೋಧನೆಯಲ್ಲಿ ಅದು ಅನಿವಾರ್ಯ. ಆದರೆ ಸಂಗ್ರಹವೆಲ್ಲವೂ ಶೋಧನೆಯೆಂದು ನಾನು ಹೇಳುತ್ತಿಲ್ಲ, ಪಾಠಾಂತರಗಳನ್ನು ಕೂಡಿಡದ ಕಪಾಟಿಗೆ ಅವರ ಮಾತು ಇಲ್ಲಿಯೂ ಅನ್ವಯಿಸೀತು. ಮೂಲವನ್ನೇ ಮರೆಸಿ ನಕಲು ಮಾಡಿದ ಡಿಸ್ಕುಗಳ ವಂಶವನ್ನು ಈ ವಿಧಾನದಿಂದ ಎಷ್ಟರಮಟ್ಟಿಗೆ ಗುರುತಿಸಬಹುದೆಂಬುದೂ ನಿಶ್ಚಿತವಲ್ಲ.

ಈ ವಿಧಾನದ ಪ್ರಶ್ನೆ ಕನ್ನಡ ಚಿತ್ರಗಳಿಗೂ ಸಂಬಂಧಿಸಿದ್ದು. 1934ರ ಕೊರಿಯಾ ಮೂಕಚಿತ್ರ ‘ಚೊಂಗ್‌ಚುನೆ ಸಿಪ್‌ಜಾರೊ’ 2007ರಲ್ಲಿ ಮತ್ತೆ ಬೆಳಕಿಗೆ ಬಂದಿತು. 1934ರದೇ ಆದ ನಮ್ಮ ‘ಸತಿ ಸುಲೋಚನಾ’ ಇನ್ನೂ ಸಿಕ್ಕಿಲ್ಲ. ಮುಂದಿನ ದಶಕಗಳ ಕನ್ನಡ ಚಿತ್ರಗಳಾದರೋ ವಿಸಿಡಿಗಳ ರೂಪದಲ್ಲಿ ಹಳ್ಳಿಮನೆಗಳಲ್ಲಿಯೂ ಉಳಿದುಬಂದಿವೆ. ವಿಸಿಡಿಯಲ್ಲಿ ದತ್ತಾಂಶದ ಸಂಕೋಚನದಿಂದ ಬಿಂಬವು ಬಹಳ ಕೆಡುತ್ತದೆ, ಶ್ರುತಿಯಾದರೋ ಅದರಿಂದ ಬದಲಾಗುವುದಿಲ್ಲ. ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದಿರುವ ಹಾಡುಗಳನ್ನು ಎರಡನೆಯ ಸಾಕ್ಷಿಯಾಗಿ ಇಟ್ಟುಕೊಂಡು ಇದೇ ಪರೀಕ್ಷೆಯನ್ನು ಆ ವಿಸಿಡಿಗಳಿಗೆ ಅನ್ವಯಿಸಬಹುದೇ ಎಂಬುದು ವಿಚಾರಣೀಯ. ತಟ್ಟೆಯ ಹಾಡೂ ಚಿತ್ರದ ಹಾಡೂ ಕೆಲವೊಮ್ಮೆ ಭಿನ್ನ ಧ್ವನಿಮುದ್ರಣಗಳಾಗಿರುವುದರಿಂದ, ಆ ಭೇದವನ್ನು ಚಿತ್ರ ಚಿತ್ರಕ್ಕೂ ಮೊದಲು ನಿರ್ಧರಿಸಿಕೊಂಡ ಹೊರತು ಈ ತುಲನೆಗೆ ಕೈಹಾಕುವಂತಿಲ್ಲ.