ಸೊನ್ನಲಿಗೆಯ ಮಕ್ಕಳೂ ನುಡಿಗಲಿಕೆಯೂ

ಶಿವಯೋಗಿ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿ ಪಾವನಗೊಳಿಸಿದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರವು. 1877ರಲ್ಲಿ ಅಲ್ಲಿ ನೂಲಿನ ಗಿರಣಿಯು ಸ್ಥಾಪಿತವಾದ ಮೇಲೆ, ತೆಲಂಗಾಣದ ಪದ್ಮಶಾಲಿ ನೇಕಾರರೂ ಕನ್ನಡ ಸೀಮೆಯ ಬಡ ಒಕ್ಕಲುಗಳೂ ಹೊಟ್ಟೆಪಾಡಿಗಾಗಿ ಬಂದು ನೆಲಸುವುದು ಹೆಚ್ಚಿತು. ಅವರ ಮಕ್ಕಳಿಗೆ ಮನೆಯಲ್ಲೊಂದು ನುಡಿ, ಬೀದಿಯಲ್ಲಿ ಮತ್ತೊಂದು. ಅರಿಯದ ನುಡಿಯಲ್ಲಿ ಓಂಕಾರವನ್ನು ತಿದ್ದಿಸಿದರೆ ಕೂಸು ಮೂಕನಂತೆ ಕುಳಿತಿರುವುದು; ದಡ್ಡನೆನಿಸಿಕೊಂಡು ಶಾಲೆಯನ್ನೇ ಬಿಡುವುದು.

1956ರಲ್ಲಿ ಪ್ರಾಂತಗಳು ಪುನರ್ವಿಂಗಡಣೆಯಾದಾಗ ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಆ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯು ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ಅನುಕೂಲ ಕಲ್ಪಿಸಬೇಕೆಂದು ವಿಧಿಸಿತು. ಅಲ್ಲಿಯ ನಗರಾಡಳಿತವು ಮರಾಠಿಯೊಡನೆ ಕನ್ನಡ, ತೆಲುಗು, ಉರ್ದು ಶಾಲೆಗಳನ್ನೂ ನಡೆಸಿರುವುದು ಶ್ಲಾಘ್ಯವು.

ಆದರೆ ತಾಯ್ನುಡಿಯೊಂದರಿಂದಲೇ ಬಾಳು ಸಾಗದು. ನೆಲೆಸಿದ ನಾಡಿನ ನುಡಿಯೂ ಬೇಕು. ಕಾಶ್ಮೀರದಿಂದ ಬಂದರೆಂಬ ಪ್ರತೀತಿಯುಳ್ಳ ಮೋಳಿಗೆಯ ಮಾರಯ್ಯನವರೂ ಸೌರಾಷ್ಟ್ರದ ಆದಯ್ಯನವರೂ ಕನ್ನಡದಲ್ಲಿಯೇ ವಚನಗಳನ್ನು ರಚಿಸಲಿಲ್ಲವೆ? ಮೊದಲ ಅಕ್ಷರವು ತಾಯ್ನುಡಿಯಲ್ಲಿ, ಬಳಿಕ ನಾಡನುಡಿ: ಇದೇ ಸರಿಯಾದ ಕ್ರಮವು.

ಪರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ನಾವು ಬಯಸುವುದನ್ನು, ನಮ್ಮೂರಿಗೆ ದುಡಿಯಬಂದವರ ಮಕ್ಕಳಿಗೂ ಒದಗಿಸಬೇಕು. ಅನ್ನದಾಸೋಹವನ್ನು ನಡೆಸುವ ಭಕ್ತರಿಗೆ ಈ ಜ್ಞಾನದಾಸೋಹವು ಹೊರತಾದುದಲ್ಲ.