ವೃತ್ತಿಕಳ್ಳನ ಜೀವನದೃಷ್ಟಿ (ಸಾಹಿತ್ಯ)

ಕಳ್ಳತನವನ್ನು ಪಾಪವೆಂದಾಗಲಿ ಸಾಹಸವೆಂದಾಗಲಿ ಎಣಿಸದೆ, ಕಲಿತು ಮಾಡಬೇಕಾದ ಕಸುಬೆಂದು ಕಾಣುವ ಪಾತ್ರದ ನಿಲುವನ್ನು ವೃತ್ತಿಕಳ್ಳನ ಜೀವನದೃಷ್ಟಿ ಎನ್ನಬಹುದು. 20ನೆಯ ಶತಮಾನದ ಅಮೆರಿಕದ ‘ಹಾರ್ಡ್‌ಬಾಯ್ಲ್ಡ್’ ಅಪರಾಧ ಕಾದಂಬರಿಗಳಲ್ಲಿ ಇದೊಂದು ಮುಖ್ಯ ವಸ್ತು. ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಚಿತ್ರಣ ‘ವಡ್ಡಾರಾಧನೆ’ಯಲ್ಲಿಯೂ ಕನ್ನದ ಮಾರಿತಂದೆಯ ವಚನಗಳಲ್ಲಿಯೂ ದೊರೆಯುತ್ತದೆ.

ಲಕ್ಷಣಗಳು

ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಅವರು 1937ರಲ್ಲಿ ಪ್ರಕಟಿಸಿದ ‘ದಿ ಪ್ರೊಫೆಷನಲ್ ಥೀಫ್’ ಕೃತಿಯು ಕಳ್ಳನೊಬ್ಬನ ಸ್ವಂತ ನಿರೂಪಣೆಯನ್ನು ಆಧರಿಸಿದೆ. ಅದರ ಪ್ರಕಾರ ವೃತ್ತಿಕಳ್ಳನು ಹಿರಿಯ ಕಳ್ಳರಿಂದ ವಿದ್ಯೆ ಕಲಿಯುತ್ತಾನೆ, ಯೋಜನೆ ಹಾಕಿಯೇ ಕೆಲಸಕ್ಕೆ ಇಳಿಯುತ್ತಾನೆ, ಸಂಗಡಿಗರ ಗುಟ್ಟು ಬಿಡುವುದಿಲ್ಲ, ಪಳಗದ ಕಳ್ಳರನ್ನು ಕೀಳಾಗಿ ಕಾಣುತ್ತಾನೆ. ಡೊನಾಲ್ಡ್ ವೆಸ್ಟ್‌ಲೇಕ್ ಅವರು ರಿಚರ್ಡ್ ಸ್ಟಾರ್ಕ್ ಎಂಬ ಹೆಸರಿನಲ್ಲಿ ಬರೆದ ‘ದಿ ಹಂಟರ್’ (1962) ಕಾದಂಬರಿಯ ಪಾರ್ಕರ್ ಇಂಥ ಪಾತ್ರ. ಸಂಗಡಿಗನ ಮೋಸದಿಂದ ಕಳೆದುಕೊಂಡ 45,000 ಡಾಲರನ್ನು ಅವನು ಪಾತಕಿಗಳ ಬಲಿಷ್ಠ ಸಂಘಟನೆಯಿಂದಲೇ ತನ್ನ ನ್ಯಾಯವಾದ ಪಾಲೆಂಬಂತೆ ಕೇಳುತ್ತಾನೆ.

ವಿದ್ಯುಚ್ಚೋರ

10ನೆಯ ಶತಮಾನದ ಗದ್ಯಕೃತಿ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ರಾಜಪುತ್ರನಾದ ಇವನು ಚೋರವಿದ್ಯೆಯನ್ನು ಕಲಿತರೆ, ಬಾಲ್ಯದ ಗೆಳೆಯ ಯಮದಂಡನು ಕಳ್ಳರನ್ನು ಹಿಡಿಯುವ ತಳಾರನ ವಿದ್ಯೆಯನ್ನು ಕಲಿಯುತ್ತಾನೆ. ಗೆಳೆಯನು ಕಾಯುವ ಊರಿನಲ್ಲಿಯೇ ಕದಿಯುವೆನೆಂಬ ಮಾತನ್ನು ಉಳಿಸಿಕೊಳ್ಳಲು ವಿದ್ಯುಚ್ಚೋರನು ಅರಸನ ಹಾರವನ್ನು ಅಪಹರಿಸುತ್ತಾನೆ. ಸಿಕ್ಕಿಬಿದ್ದು ಚಿತ್ರಹಿಂಸೆಗೆ ಒಳಗಾದರೂ ಕಳ್ಳನೆಂದು ಒಪ್ಪಿಕೊಳ್ಳದ ಅವನು, ಅರಸನಿಂದ ಅಭಯ ಪಡೆದ ಮೇಲೆಯೇ ನಿಜವನ್ನು ಹೇಳುತ್ತಾನೆ. ಇಲ್ಲಿ ಕಳವಿನ ಉದ್ದೇಶ ಧನವಲ್ಲ, ವಿದ್ಯೆಯ ಪರೀಕ್ಷೆ. ಕೊನೆಗೆ ಅವನು ವೈರಾಗ್ಯ ತಾಳಿ ಮುನಿಯಾಗುತ್ತಾನೆ.

ಕನ್ನದ ಮಾರಿತಂದೆ

12ನೆಯ ಶತಮಾನದ ಈ ಶರಣನು ಮೊದಲು ಗೋಡೆಗೆ ಕನ್ನ ಹಾಕಿ ಕದಿಯುತ್ತಿದ್ದನೆಂದು ಪ್ರತೀತಿ. ಆತನ ಕೆಲವೇ ವಚನಗಳು ಉಳಿದಿದ್ದು, ಅವು ಕನ್ನಗಳ್ಳನ ಪರಿಭಾಷೆಯನ್ನು ಬಳಸುತ್ತವೆ. ಒಂದು ವಚನದ ತಾತ್ಪರ್ಯ ಹೀಗಿದೆ: ಇರುಳಿನ ಮರೆಯಲ್ಲಿ ಕದಿಯುವುದೂ ಮೈಮರೆತು ಮಲಗಿದವರ ಮನೆಯನ್ನು ಹೊಗುವುದೂ ಕಸುಬಿಗೆ ಅವಮಾನ, ಮಲಗಿದವರನ್ನು ಎಚ್ಚರಗೊಳಿಸಿ, ಅವರ ಸೊತ್ತನ್ನು ಅವರಿಗೆ ತೋರಿಸಿ, ತನ್ನದನ್ನು ಮಾತ್ರ ತರಬೇಕು. ನಿದ್ರೆಯನ್ನು ಅಜ್ಞಾನವೆಂದೂ ಸೊತ್ತನ್ನು ಆತ್ಮಜ್ಞಾನವೆಂದೂ ಅರ್ಥೈಸಬಹುದು.

ಕಳವಿನ ನಿಷೇಧದಿಂದಲೇ ಆರಂಭವಾಗುವ ವಚನವನ್ನು ರಚಿಸಿದ ಬಸವಣ್ಣನವರ ಶರಣಪರಂಪರೆಯಲ್ಲಿ ಹಳೆಯ ಕಳ್ಳನೊಬ್ಬನಿಗೂ ಸ್ಥಾನ ದೊರೆತುದು ಗಮನಾರ್ಹ. ಆತನು ಕದಿಯುವುದನ್ನು ಬಿಟ್ಟರೂ ಕಸುಬಿನ ಮಾತನ್ನು ಬಿಡಬೇಕಾಗಲಿಲ್ಲ. ‘ಕನ್ನದ’ ಎಂಬ ವಿಶೇಷಣ ಹೆಸರಿನೊಡನೆಯೇ ಉಳಿಯಿತು.

ವಿಜಯಪುರದ ಕೊಡುಗೆ

ವಚನಸಾಹಿತ್ಯವು ತಾಳೆಗರಿಗಳಿಂದ ಅಚ್ಚಿಗೆ ಬರುವಲ್ಲಿ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ (1880–1964) ಪಾತ್ರ ಹಿರಿದು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. ಬಳಿಕ ಅವರು ನಗರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ನಾನಾ ಕಸುಬುಗಳ ಶರಣರ ನುಡಿ ಸಾಮಾನ್ಯ ಓದುಗರಿಗೆ ತಲುಪಲು ಇಂಥ ಪ್ರಯತ್ನಗಳು ದಾರಿಮಾಡಿದವು.

ಹೋಲಿಕೆ

ಕಸುಬಿನ ಅಭಿಮಾನ ಈ ಮೂವರಿಗೂ ಸಮಾನ. ಆದರೆ ಪಾರ್ಕರ್ ಪಶ್ಚಾತ್ತಾಪವಿಲ್ಲದೆ ಮುಂದಿನ ಕಳವಿಗೆ ಹೊರಡುತ್ತಾನೆ. ಕನ್ನಡದ ಇಬ್ಬರು ಕಳ್ಳರಲ್ಲಿ ಅದೇ ಅಭಿಮಾನ ಪರಿವರ್ತನೆಗೆ ಅಡ್ಡಿಯಾಗುವುದಿಲ್ಲ: ವಿದ್ಯುಚ್ಚೋರನ ಸಹನೆ ಮುನಿಯ ತಪಸ್ಸಿಗೂ, ಮಾರಿತಂದೆಯ ಎಚ್ಚರ ಶರಣನ ಅರಿವಿಗೂ ಒದಗುತ್ತದೆ.